ಸಿಮೆಂಟ್ ಕಲರಿನ ವಯಸ್ಸು

ನಮ್ಮಲ್ಲಿ ಹೆಂಗಸೊಬ್ಬಳಿಗೆ ನಲವತ್ತೈದು ದಾಟಿತೆಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಸೀರೆ ಅಂಗಡಿಯ ಹುಡುಗನಿಗೆ. ಡಾಕ್ಟರಿಗೆ ರಕ್ತ ಪರೀಕ್ಷೆಯ ವರದಿ ಬೇಕು, ಗಂಡನಿಗೆ ಯಾರಾದರೂ ಹೇಳಬೇಕು. ಇವನಿಗೆ ಒಂದು ನೋಟ ಸಾಕು. ಮೂವತ್ತರ ಸುಮಾರಿಗೆ ಹೋಗಿ ಕೂತರೆ ‘ಏನ್ ತೋರಿಸ್ಲಿ ಮೇಡಂ?’ ಎಂದು ಕೇಳುತ್ತಿದ್ದವನು ಈಗ ಕೇಳುವುದೇ ಇಲ್ಲ. ಮುಖ ನೋಡುತ್ತಾನೆ, ಕಿವಿಯ ಪಕ್ಕದ ಬಿಳಿಕೂದಲು ನೋಡುತ್ತಾನೆ, ಮೂಲೆಯ ಕಪಾಟಿನಿಂದ ಒಂದು ಕಟ್ಟು ಇಳಿಸಿ ಪಟಪಟನೆ ಬಿಚ್ಚುತ್ತಾನೆ. ಸಿಮೆಂಟ್ ಕಲರ್. ಬಿಸ್ಕತ್ ಕಲರ್. ಈರುಳ್ಳಿ ಸಿಪ್ಪೆ. ಆನೆ ಬಣ್ಣ. ಮತ್ತೆ ಸಿಮೆಂಟ್, ಈ ಸಲ ಅಂಚು ಸಮೇತ. ‘ತುಂಬಾ ಡೀಸೆಂಟಾಗಿದೆ ಮೇಡಂ, ನಿಮ್ಮ ಏಜಿಗೆ ಗ್ರೇಸ್ ಕೊಡುತ್ತೆ.’

ಕಳೆದ ಶ್ರಾವಣದಲ್ಲಿ ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಇಂಥ ಡೀಸೆಂಟುಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ, ಆಚೆ ಕಪಾಟಿನಲ್ಲಿದ್ದ ಗಿಳಿಹಸಿರಿನ ಮೈಗೆ ರಾಣಿ ಬಣ್ಣದ ಅಂಚಿದ್ದ ಸೀರೆಯನ್ನು ಕೇಳಿದೆ. ಹುಡುಗನ ಮುಖ ಅರಳಿತು.

‘ಓ, ಮಗಳಿಗಾ ಮೇಡಂ?’

‘ನನಗೆ ಮಗಳಿಲ್ಲಪ್ಪ. ಇರೋ ಒಬ್ಬ ಮಗ ಸೀರೆ ಉಡೋದಿಲ್ಲ.’

ಅವನು ಗಾಬರಿಯಾಗಿ ಸೀರೆ ಇಳಿಸಿಕೊಟ್ಟ. ಜೊತೆಗಿದ್ದ ನನ್ನ ಚಿಕ್ಕಮ್ಮ ಮಾತ್ರ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮೆಟ್ರೊ ಹತ್ತಿ ಸೀಟು ಸಿಕ್ಕಿದ ಮೇಲೆ, ‘ಅಲ್ವೇ, ವಯಸ್ಸಿಗೆ ತಕ್ಕ ಹಾಗೆ ಇರ್ಬೇಕಲ್ವಾ?’ ಎಂದರು.

ಈ ‘ವಯಸ್ಸಿಗೆ ತಕ್ಕ ಹಾಗೆ’ ಎಂಬ ಕಾನೂನನ್ನು ಯಾರು ಬರೆದರೋ ಕಾಣೆ, ಆದರೆ ಅದರ ಕಲಮುಗಳು ನಮ್ಮ ಕಡೆಯ ಎಲ್ಲ ಚಿಕ್ಕಮ್ಮಂದಿರಿಗೂ ಬಾಯಿಪಾಠ. ಬಣ್ಣ ತೆಳುವಾಗಬೇಕು. ಅಂಚು ಕಿರಿದಾಗಬೇಕು. ಸೀರೆಯ ಮೇಲಿನ ಹೂವು ಸಣ್ಣದಾಗಬೇಕು, ಹಣೆಯ ಬೊಟ್ಟು ಇನ್ನೂ ಸಣ್ಣದಾಗಬೇಕು. ತೂಗುವ ಜುಮಕಿ ಹೋಗಿ ಅಂಟಿಕೊಂಡಿರುವ ಓಲೆ ಬರಬೇಕು. ದೇಹ ದೊಡ್ಡದಾಗುತ್ತ ಹೋಗುವ ಕಾಲಕ್ಕೆ ಉಳಿದದ್ದೆಲ್ಲ ಚಿಕ್ಕದಾಗಬೇಕು ಎಂಬುದು ಒಟ್ಟು ತಾತ್ಪರ್ಯ. ಬ್ಲೌಸಿನ ತೋಳೊಂದಕ್ಕೆ ಮಾತ್ರ ವಿನಾಯಿತಿ, ಅದು ಮೊಣಕೈವರೆಗೆ ಬೆಳೆಯಬಹುದು. ಅಡುಗೆ, ಆಫೀಸು, ಅತ್ತೆಯ ಔಷಧಿ, ಮಗನ ಫೀಸು, ಇವುಗಳಲ್ಲಿ ಯಾವುದನ್ನೂ ವಯಸ್ಸಿಗೆ ತಕ್ಕಂತೆ ತೆಳು ಮಾಡಿಕೊಳ್ಳಲು ಈ ಕಾನೂನಿನಲ್ಲಿ ಅವಕಾಶವಿಲ್ಲ.

ತಮಾಷೆಯೆಂದರೆ, ಸೀರೆ ಉಡದ ಆ ನನ್ನ ಮಗ ಹಾಕುವುದೂ ಸಿಮೆಂಟ್ ಬಣ್ಣವೇ. ಭುಜದ ಹೊಲಿಗೆ ಮೊಣಕೈಗೆ ಬಂದು ಬೀಳುವ ಟೀಶರ್ಟು, ಒಳಗೆ ಇನ್ನೊಬ್ಬರಿಗೂ ಜಾಗವಿರುವ ಪ್ಯಾಂಟು. ನಾನು ಹಾಗೆ ಹಾಕಿದರೆ ಮೈಮೇಲೆ ಗಮನವಿಲ್ಲ ಎನ್ನುತ್ತಾರೆ. ಅವನು ಹಾಕಿದರೆ ‘ಓವರ್‌ಸೈಜ್ ಫಿಟ್ ಅಮ್ಮ, ಈಸ್ತೆಟಿಕ್.’ ಬೆಲೆಯೂ ನನ್ನ ಗಿಳಿಹಸಿರಿನ ಹತ್ತಿರಕ್ಕೇ ಬಂದಿತ್ತು.

ನಮ್ಮೂರಿನ, ಅಂದರೆ ಬೆಂಗಳೂರು–ಮೈಸೂರಿನ ಮಧ್ಯಮವರ್ಗದ ಆಚೆಗೆ ಈ ಕಾನೂನು ನಡೆಯುವುದಿಲ್ಲ. ನನ್ನ ಓರಗಿತ್ತಿಯ ತವರು ಬಾಗಲಕೋಟೆ ಕಡೆ. ಅವಳ ತಾಯಿಗೆ ಎಂಬತ್ತರ ಮೇಲೆ. ನಾನು ಕಂಡಾಗಲೆಲ್ಲ ಇಳಕಲ್ ಸೀರೆಯೇ. ಗಿರಿ ಕುಂಕುಮ, ಇಲ್ಲವೇ ದಾಳಿಂಬೆ ಕೆಂಪು, ಒಮ್ಮೊಮ್ಮೆ ಕಣ್ಣು ಕುಕ್ಕುವ ಹಸಿರು. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ತಲೆಯ ಮೇಲೆ ಕೆಂಪು ರೇಷ್ಮೆ ಸೆರಗು. ಇಳಕಲ್ಲಿನ ನೇಕಾರರು ಸೆರಗಿನ ಹಾಸನ್ನು ಬೇರೆಯಾಗಿ ಮಾಡಿ, ಒಡಲಿನ ಹಾಸಿಗೆ ಕುಣಿಕೆ ಕುಣಿಕೆಯಾಗಿ ಸೇರಿಸಿ ನೇಯುತ್ತಾರೆ. ಅಷ್ಟು ಕಷ್ಟಪಟ್ಟು ಮಾಡಿದ ಸೆರಗು ಮದುಮಗಳಿಗೂ ಅದೇ, ಮುತ್ತಜ್ಜಿಗೂ ಅದೇ. ವಯಸ್ಸು ನೋಡಿ ಬೇರೆ ಮಗ್ಗ ಹೂಡುವ ಪದ್ಧತಿ ಅಲ್ಲಿಲ್ಲ.

ಒಮ್ಮೆ ಅವರ ಮನೆಯ ಸೀಮಂತಕ್ಕೆ ನಾನು ಬಹಳ ಆಲೋಚಿಸಿ, ಚಿಕ್ಕಮ್ಮನ ಒಪ್ಪಿಗೆಯನ್ನೂ ಪಡೆದ ಬೂದುಬಣ್ಣದ ಲಿನನ್ ಸೀರೆ ಉಟ್ಟು ಹೋಗಿದ್ದೆ. ಅಜ್ಜಿ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಯವ್ವಾ, ಇದೇನ್ ಸೀರಿ ಉಟ್ಟೀಯವಾ, ಬೂದಿ ಬಳಕೊಂಡಂಗ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?’

ಎಲ್ಲರೂ ಆರಾಮ ಇದ್ದಾರೆಂದು ಅವರಿಗೆ ನಂಬಿಸಲು ಸಾಕಷ್ಟು ಹೊತ್ತು ಹಿಡಿಯಿತು.

ಅಜ್ಜಿಯ ಮಾತಿಗೆ ಬೆಂಬಲ ಬೇಕೆನ್ನುವವರು ಕಮಲಾದೇವಿ ಚಟ್ಟೋಪಾಧ್ಯಾಯರ ಫೋಟೋ ತೆಗೆದು ನೋಡಬಹುದು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದವರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದಾಗ ಐವತ್ತರ ಹೊಸ್ತಿಲು. ನಮ್ಮ ಕಾನೂನಿನ ಪ್ರಕಾರ ಬಿಸ್ಕತ್ ಬಣ್ಣಕ್ಕೆ ಇಳಿಯಬೇಕಾದ ವಯಸ್ಸಿನಲ್ಲಿ ಆಕೆ ದೇಶದ ಮೂಲೆಮೂಲೆಯ ಕುಶಲಕರ್ಮಿಗಳನ್ನು ಹುಡುಕಿಕೊಂಡು ಹೊರಟರು. ಕೈಮಗ್ಗದ ಸೀರೆ, ಕೊರಳಲ್ಲಿ ದಪ್ಪ ಸರ. ಫೋಟೋಗಳು ಬಹಳಷ್ಟು ಕಪ್ಪುಬಿಳುಪಿನವು. ಆದರೂ ಸೀರೆಗೆ ಬಣ್ಣವಿದೆ ಎಂದು ಗೊತ್ತಾಗಿಬಿಡುತ್ತದೆ.

ಹಾಗಾದರೆ ನಡುವಯಸ್ಸಿನಲ್ಲಿ ನಾವು ಮಂಕಾಗಿ ಕಾಣುವುದು ಯಾತರಿಂದ? ನನ್ನ ಖಚಿತ ಅಭಿಪ್ರಾಯ: ಬ್ಲೌಸಿನಿಂದ.

ಸೀರೆ ಐದೂವರೆ ಮೀಟರಿನ, ಹೊಲಿಗೆಯಿಲ್ಲದ ಬಟ್ಟೆ. ಹದಿನೆಂಟರಲ್ಲಿ ಉಟ್ಟದ್ದನ್ನೇ ಎಂಬತ್ತರಲ್ಲೂ ಉಡಬಹುದು, ಒಂದೆರಡು ನೆರಿಗೆ ಕಡಿಮೆ ಬಿದ್ದೀತು ಅಷ್ಟೆ. ವಯಸ್ಸಾಗುವುದು ಬ್ಲೌಸಿಗೆ. ಆದರೂ ಸೀರೆಗೆ ಎರಡು ಗಂಟೆ ಅಂಗಡಿ ಸುತ್ತುವ ನಾವು, ಟೈಲರ್ ಮುಂದೆ ಎರಡು ನಿಮಿಷ ನಿಲ್ಲುವುದಿಲ್ಲ. ಅಳತೆ ಬ್ಲೌಸ್ ಎಂಬ ಒಂದು ವಸ್ತುವನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಎಸೆದು, ‘ಇದೇ ಥರ, ಸ್ವಲ್ಪ ಲೂಸ್ ಇರ್ಲಿ’ ಎಂದು ಹೊರಟುಬಿಡುತ್ತೇವೆ. ಆ ಅಳತೆ ಬ್ಲೌಸಿನ ಕಾಲಮಾನವನ್ನು ಯಾರೂ ಕೇಳಬಾರದು. ನನ್ನದಂತೂ ಮಗನ ನಾಮಕರಣದ್ದು.

ನಮ್ಮ ಟೈಲರಣ್ಣ ಹಿರಿಯರು. ಬಸ್ಸು, ಬ್ಯಾಂಕು, ತರಕಾರಿ ಗಾಡಿ, ಎಲ್ಲ ಕಡೆಯೂ ನಾನು ಆಂಟಿಯಾಗಿ, ಈಚೆಗೆ ಅಮ್ಮನಾಗಿಯೂ ಬಡ್ತಿ ಪಡೆದ ಮೇಲೂ ‘ಅಕ್ಕ’ ಎನ್ನುವವರು ಅವರೊಬ್ಬರೇ. ಬ್ಲೌಸ್ ಬಿಗಿಯಾಗಿದೆ ಎಂದು ಹೋದರೆ ‘ದಪ್ಪ ಆಗಿದೀರಿ’ ಎಂಬ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ‘ಲೈನಿಂಗ್ ಕುಗ್ಗಿದೆ ಅಕ್ಕ’ ಎನ್ನುತ್ತಾರೆ. ಇದು ಪೂರ್ತಿ ಸುಳ್ಳೂ ಅಲ್ಲ. ನೆನೆಸದೆ ಹೊಲಿದ ಕಾಟನ್ ಲೈನಿಂಗ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆದರೆ ನನ್ನ ಲೈನಿಂಗ್ ಪ್ರತಿ ದೀಪಾವಳಿಗೂ ಕುಗ್ಗುತ್ತದೆ. ಒಳಗೆ ಬಿಟ್ಟಿದ್ದ ಬಟ್ಟೆಯ ಒಂದು ಹೊಲಿಗೆ ಬಿಚ್ಚಿ ಕೊಡುತ್ತಾರೆ. ಬಿಚ್ಚಿದ ಕಡೆಯೆಲ್ಲ ಹಳೆಯ ಹೊಲಿಗೆಯ ಗೀಟು ಉಳಿಯುತ್ತದೆ. ನನ್ನ ಸುತ್ತಳತೆಯ ಇತಿಹಾಸ ಬೇಕಾದವರು ಆ ಗೀಟುಗಳನ್ನು ಎಣಿಸಬಹುದು.

ಕೊನೆಗೆ ಒಂದು ದಿನ ಅವರೇ ಟೇಪು ಕೊರಳಿಂದ ತೆಗೆದು, ‘ಅಕ್ಕ, ಇನ್ನು ಬಿಚ್ಚೋಕೆ ಹೊಲಿಗೆ ಇಲ್ಲ, ಮೈ ಅಳತೆ ಕೊಡಿ’ ಎಂದರು. ಆಮೇಲೆ ಅವರ ಹೆಂಡತಿ ಅಳೆಯುತ್ತ ಹೋದಂತೆ ಒಂದೊಂದೇ ವಿದ್ಯೆ ಬಯಲಾಯಿತು. ಪಕ್ಕದ ಹೊಲಿಗೆ ಬಿಚ್ಚಿದರೆ ಸುತ್ತಳತೆಯೇನೋ ಬೆಳೆಯುತ್ತದೆ, ಕಂಕುಳ ಕುಳಿಯ ಆಕಾರ ಸರಿಹೋಗುವುದಿಲ್ಲ. ಅದಕ್ಕೇ ಕೈ ಎತ್ತಿದಾಗ ಬ್ಲೌಸೂ ಜೊತೆಗೇ ಎದ್ದು ಬರುವುದು. ವಯಸ್ಸಾದಂತೆ ಬೆನ್ನು ಸ್ವಲ್ಪ ಬಾಗುತ್ತದೆ, ಭುಜ ಮುಂದಕ್ಕೆ ಬರುತ್ತದೆ, ಎದೆ ಇಳಿಯುತ್ತದೆ. ಹಾಗಾಗಿ ಬೆನ್ನಿನ ಅಗಲ ಬೇರೆಯಾಗಿ ಅಳೆಯಬೇಕು, ಮುಂಭಾಗದ ಉದ್ದ ಹೆಚ್ಚಿಸಬೇಕು, ಟಕ್ಸ್ ಕೆಳಗಿಳಿಸಬೇಕು. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು. ತೋಳು ಅತಿ ದಪ್ಪ ಇರುವ ಜಾಗಕ್ಕೇ ಬಂದು ನಿಂತರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಎರಡು ಬೆರಳು ಮೇಲೋ ಕೆಳಗೋ ನಿಲ್ಲಿಸಬೇಕು. ಇಷ್ಟು ಜ್ಞಾನ ಬೀದಿ ಕೊನೆಯ ಹತ್ತಡಿ ಅಂಗಡಿಯಲ್ಲಿ ಇರುವಾಗ ನಾವು ಫ್ಯಾಷನ್ನಿಗೆಂದು ಮೊಬೈಲ್ ತಿಕ್ಕುತ್ತ ಕೂರುತ್ತೇವೆ.

ಹೊಸ ಅಳತೆಯ ಬ್ಲೌಸ್ ಹಾಕಿ ಹಳೆಯದೊಂದು ಸೀರೆ ಉಟ್ಟು ಆಫೀಸಿಗೆ ಹೋದ ದಿನ ಸಹೋದ್ಯೋಗಿಯೊಬ್ಬಳು ‘ಹೊಸ ಸೀರೆನಾ?’ ಎಂದು ಕೇಳಿದಳು. ಇನ್ನೊಬ್ಬಳು ‘ಸಣ್ಣ ಆಗಿದೀರಾ?’ ಎಂದಳು. ಎರಡಕ್ಕೂ ಹೌದು ಎಂದೆ.

ರೆಡಿಮೇಡ್ ಕುರ್ತಿಯ ವಿಚಾರ ಬೇರೆ. ಒಂದು ಅಂಗಡಿಯಲ್ಲಿ ನಾನು ಎಲ್, ಪಕ್ಕದ್ದರಲ್ಲಿ ಡಬಲ್ ಎಕ್ಸ್ಎಲ್. ನಡುವೆ ಕುಡಿದದ್ದು ಅರ್ಧ ಲೋಟ ಕಾಫಿ ಮಾತ್ರ. ಇದಕ್ಕೆ ಕಾರಣವಿದೆ. ನಮ್ಮ ದೇಶದವರ ಮೈಕಟ್ಟಿಗೆಂದೇ ಮಾಡಿದ ಅಳತೆಪಟ್ಟಿ ಇರಲಿಲ್ಲ. ಅಮೆರಿಕ, ಇಂಗ್ಲೆಂಡಿನವರ ಅಳತೆಯನ್ನೇ ಕಂಪನಿಗಳು ತಮಗೆ ತೋಚಿದಂತೆ ಹಿಗ್ಗಿಸಿ ಕುಗ್ಗಿಸಿ ಹೊಲಿಯುತ್ತಿದ್ದವು. ಅದನ್ನು ಸರಿಪಡಿಸಲೆಂದೇ ಜವಳಿ ಸಚಿವಾಲಯದ ನೆರವಿನಿಂದ ನಿಫ್ಟ್ ಸಂಸ್ಥೆ ‘ಇಂಡಿಯಾಸೈಜ್’ ಎಂಬ ಯೋಜನೆ ಹಾಕಿಕೊಂಡು, ಸಾವಿರಾರು ಭಾರತೀಯರ ಮೈಯನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯಲು ಹೊರಟಿತು. ಒಳ್ಳೆಯ ಕೆಲಸ. ಅದರ ಫಲ ನಮ್ಮ ಬೀದಿಯ ಅಂಗಡಿಗೆ ಇಳಿಯುವವರೆಗೆ ನನ್ನ ಉಪಾಯ ಇಷ್ಟೇ: ಭುಜಕ್ಕೆ ಸರಿಹೊಂದುವ ಸೈಜು ಕೊಳ್ಳುವುದು, ಮಿಕ್ಕಿದ್ದನ್ನು ಟೈಲರಣ್ಣನಿಗೆ ಒಪ್ಪಿಸುವುದು. ಸೊಂಟವನ್ನು ಹಿಡಿಸಬಹುದು, ಬಿಡಿಸಬಹುದು. ಭುಜ ತಪ್ಪಿದರೆ ದೇವರೂ ಹೊಲಿಯಲಾರ.

ಸೀರೆಯೊಳಗಿನ ಲಂಗದ ಬದಲು ಈಗ ಮೈಗೆ ಅಂಟುವ ಶೇಪ್‌ವೇರ್ ಬಂದಿದೆ. ಕನ್ನಡಿಯ ಮುಂದೆ ಅದ್ಭುತ. ಬಿಎಂಟಿಸಿ ಬಸ್ಸಿನ ಮೆಟ್ಟಿಲ ಮುಂದೆ ನಿಂತಾಗ ಅದನ್ನು ಕಂಡುಹಿಡಿದವರು ಬಸ್ಸು ಹತ್ತಿದವರಲ್ಲವೆಂದು ತಿಳಿಯುತ್ತದೆ. ನಾನು ಲಾಡಿ ಲಂಗಕ್ಕೇ ನಿಷ್ಠಳು.

ಇನ್ನು ಕಾಲು. ಮಂಡಿನೋವಿಗೆ ಡಾಕ್ಟರು ಎಂಸಿಆರ್ ಚಪ್ಪಲಿ ಬರೆದುಕೊಟ್ಟ ದಿನ ಎಷ್ಟೋ ಹೆಂಗಸರು ಅಲಂಕಾರಕ್ಕೇ ತಿಲಾಂಜಲಿ ಕೊಡುತ್ತಾರೆ. ರೇಷ್ಮೆ ಸೀರೆಯ ಕೆಳಗೆ ಆ ದಪ್ಪ ಕಂದು ಚಪ್ಪಲಿ ಇಣುಕಿದರೆ ಮದುವೆಮನೆಯಲ್ಲಿ ಕಾಲು ಮಡಚಿ ಕೂರಬೇಕು, ಮಂಡಿ ಮಡಚಲು ಬರುವುದಿಲ್ಲ. ಇದಕ್ಕೆ ಪರಿಹಾರ ಕಂಡುಕೊಂಡವರು ಗಾಯಕಿ ಉಷಾ ಉತ್ತುಪ್. 1947ರಲ್ಲಿ ಹುಟ್ಟಿದ ಈಕೆ ಕಾಂಜೀವರಂ ಸೀರೆ, ದೊಡ್ಡ ಬೊಟ್ಟು, ಮುಡಿ ತುಂಬ ಹೂವು, ಕಾಲಿಗೆ ಅದೇ ಕಾಂಜೀವರಂ ಬಟ್ಟೆ ಹೊದಿಸಿದ ಸ್ನೀಕರ್ ಹಾಕಿಕೊಂಡು ವೇದಿಕೆ ಏರುತ್ತಾರೆ. ಮಂಡಿಯೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಮೆತ್ತನೆ ಅಡಿಯ ಬೂಟಿನ ಮೇಲೆ ಸೀರೆ ಉಟ್ಟು ನಾನೂ ಹೊರಟಿದ್ದೇನೆ. ಚಿಕ್ಕಮ್ಮನ ಪ್ರತಿಕ್ರಿಯೆಯನ್ನು ಇಲ್ಲಿ ಬರೆಯುವಂತಿಲ್ಲ.

ನಮ್ಮನೆಯವರ ಬಗ್ಗೆ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಗಂಡಸರಿಗೆ ವಯಸ್ಸಿಗೆ ತಕ್ಕ ಹಾಗೆ ಎಂಬ ಕಾನೂನೇ ಇಲ್ಲ. ಚೌಕಳಿ ಅರ್ಧ ತೋಳಿನ ಶರ್ಟು ಮೂವತ್ತರಲ್ಲಿ ಬಂತು, ಹಾಗೇ ಉಳಿಯಿತು. ಅವರ ಮುಂದಿರುವ ಏಕೈಕ ಪ್ರಶ್ನೆ ಬೆಲ್ಟು ಹೊಟ್ಟೆಯ ಮೇಲೆ ಕಟ್ಟಬೇಕೋ ಕೆಳಗೋ ಎಂಬುದು. ನಮ್ಮವರು ವಾರದ ದಿನ ಮೇಲೆ, ಭಾನುವಾರ ಕೆಳಗೆ.

ಬೀರುವಿನೊಳಗಿನ ಮಾತಿಗೆ ಬರೋಣ. ಮಂಕಾಗಿ ಕಾಣಲು ಬ್ಲೌಸಿನ ನಂತರದ ಕಾರಣ ಅದು. ಒಳ್ಳೆಯದನ್ನೆಲ್ಲ ಒಳಗಿಟ್ಟು, ಬಣ್ಣ ಹೋದದ್ದನ್ನು ‘ದಿನಕ್ಕೆ ಸಾಕು’ ಎಂದು ಹೊರಗೆ ಬಳಸುತ್ತೇವೆ. ನನ್ನ ಮದುವೆಯ ಮೈಸೂರು ಸಿಲ್ಕ್ ವರ್ಷಗಟ್ಟಲೆ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಮಲಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದದ್ದು ಸೀರೆಯನ್ನು ಪಂಚೆಯಲ್ಲಿ ಸುತ್ತಿಡಲೆಂದಲ್ಲ. ನಡುವಯಸ್ಸಿನವರಿಗೆ ಮೈಸೂರು ಸಿಲ್ಕಿಗಿಂತ ಹೊಂದುವ ಬಟ್ಟೆ ಹುಡುಕಿದರೂ ಸಿಗದು: ಕ್ರೇಪ್ ಆದ್ದರಿಂದ ಮೈಮೇಲೆ ಮೆತ್ತಗೆ ಇಳಿಯುತ್ತದೆ, ಗಂಜಿ ಹಾಕಿದ ಕಾಟನ್ನಿನಂತೆ ಉಬ್ಬಿ ಸೊಂಟಕ್ಕೆ ಇನ್ನೆರಡು ಇಂಚು ಸೇರಿಸುವುದಿಲ್ಲ. ಮೇಲಾಗಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅಂದರೆ ಉಡದೆ ಇಟ್ಟರೂ ಹರಿಯುತ್ತದೆ. 2015ರಲ್ಲಿ ಬೆಂಗಳೂರಿನ ಇಬ್ಬರು ಗೆಳತಿಯರು, ವರ್ಷದಲ್ಲಿ ನೂರು ಸಲ ಸೀರೆ ಉಡೋಣ ಎಂದು ಒಪ್ಪಂದ ಮಾಡಿಕೊಂಡು ಅದಕ್ಕೆ ದೇಶವಿದೇಶದ ಹೆಂಗಸರು ಸೇರಿಕೊಂಡದ್ದು ನಿಮಗೆ ನೆನಪಿರಬಹುದು. ನೂರು ನನ್ನಿಂದ ಆಗದು. ಆದರೆ ತರಕಾರಿಗೆ ಹೋಗುವಾಗಲೂ ಒಳ್ಳೆಯ ಸೀರೆ ಉಡಬಹುದೆಂಬ ಧೈರ್ಯ ಬಂದಿದೆ. ಗಾಡಿಯವನು ಸೊಪ್ಪಿಗೆ ಎರಡು ರೂಪಾಯಿ ಜಾಸ್ತಿ ಹೇಳುತ್ತಾನೆ, ಅಷ್ಟು ನಷ್ಟ ಸಹಿಸಬೇಕು.

ನೈಟಿಯ ಮೇಲೆ ಟವೆಲ್ ಹೊದ್ದು ಗೇಟಿಗೆ ಬರುವ ಉಡುಪಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅದು ಫ್ಯಾಷನ್ನಿನ ವ್ಯಾಪ್ತಿಗೆ ಮೀರಿದ್ದು, ಕೆಎಂಎಫ್ ಹಾಲಿನಷ್ಟೇ ನಿತ್ಯದ್ದು.

ನಲವತ್ತೈದು ದಾಟಿದ ಓದುಗ ಮಿತ್ರರೇ, ಬೀರುವಿನಿಂದ ನಿಮ್ಮ ಮೆಚ್ಚಿನ ಗಾಢ ಬಣ್ಣದ ಸೀರೆ ತೆಗೆಯಿರಿ, ಅಳತೆ ಬ್ಲೌಸನ್ನು ಮನೆಯಲ್ಲೇ ಬಿಟ್ಟು ಟೈಲರ್ ಹತ್ತಿರ ಹೋಗಿ ಮೈ ಅಳತೆ ಕೊಡಿ. ಹೋಗುವುದಿದ್ದರೆ ಈ ವಾರವೇ ಹೋಗಿ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದ ಮೇಲೆ ಕೊಟ್ಟ ಬ್ಲೌಸ್ ದೀಪಾವಳಿಗೆ ಮುಂಚೆ ಕೈಗೆ ಬರುವುದಿಲ್ಲ.