ಡೊಮೇನ್ ಖರೀದಿಯಲ್ಲಿ ಅನುಮಾನಪ್ರಮಾಣ: ಒಂದು ಕಿರು ಮೀಮಾಂಸೆ

ತರ್ಕಶಾಸ್ತ್ರದಲ್ಲಿ ಅನುಮಾನ ಎಂದರೆ ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು. ಆಡುಮಾತಿನಲ್ಲಿ ಅನುಮಾನ ಎಂದರೆ ಪಕ್ಕದ ಮನೆಯವರು ನಮ್ಮ ಮೇಲೆ ಪಡುವುದು. ಬಹುಕಾಲ ಬೇರೆಬೇರೆಯಾಗಿ ಬಾಳಿದ ಈ ಎರಡು ಅರ್ಥಗಳು ಡೊಮೇನ್ ಮಾರುವ ಅಂಗಡಿಯಲ್ಲಿ ಒಂದಾಗಿವೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಚರಿತ್ರೆ. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಕಂಪನಿ ಮೊಟ್ಟಮೊದಲ ಡಾಟ್ ಕಾಮ್ ಹೆಸರು ಪಡೆದಾಗ ಶುಲ್ಕವೂ ಇರಲಿಲ್ಲ, ಸಂಶಯವೂ ಇರಲಿಲ್ಲ. 1995ರಲ್ಲಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂತು. ದುಡ್ಡಿನ ಬೆನ್ನಿಗೆ ಕದ್ದ ಕಾರ್ಡು, ಕದ್ದ ಕಾರ್ಡಿನ ಬೆನ್ನಿಗೆ ಅನುಮಾನ.

ಪೂರ್ವಪಕ್ಷಿ ಹೇಳುವುದನ್ನೂ ಕೇಳೋಣ. ಡೊಮೇನ್ ನಿಮಿಷದಲ್ಲಿ ಕೈಸೇರುವ ಸರಕು. ಕಳ್ಳ ಅದನ್ನು ಕೊಂಡು, ಸಂಜೆಯೊಳಗೆ ಯಾವುದೋ ಬ್ಯಾಂಕಿನ ನಕಲಿ ಪುಟ ತೆರೆದು, ಮಾಯವಾಗುತ್ತಾನೆ. ಕಾರ್ಡಿನ ಒಡೆಯ ದೂರು ಕೊಟ್ಟಾಗ ದುಡ್ಡೂ ದಂಡವೂ ಮಾರಿದವನ ತಲೆಗೆ. 2025ರಲ್ಲಿ ನಮ್ಮ ಬ್ಯಾಂಕುಗಳೆಲ್ಲ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಇಂಥ ನಕಲಿಗಳ ಕಾಟಕ್ಕೇ. ಒಪ್ಪಿದೆವು.

ಇನ್ನು ದೃಷ್ಟಾಂತ. ಸಾಗರದಲ್ಲಿರುವ ನಮ್ಮ ಚಿಕ್ಕಮ್ಮನ ಹಲಸಿನ ಹಪ್ಪಳಕ್ಕೊಂದು ಡೊಮೇನ್ ಬೇಕಿತ್ತು. ಅಂಗಡಿ ವಿದೇಶದ್ದು, ಕಾರ್ಡು ನನ್ನದು. ಕಾರ್ಡಿನಲ್ಲಿ ಊರು, ಅಪ್ಪ ಇಬ್ಬರೂ ಎರಡು ಇನಿಶಿಯಲ್ಲಾಗಿ ನನ್ನ ಹೆಸರಿನ ಮುಂದೆ ಕೂತಿದ್ದಾರೆ. ಫಾರಂ ಸರ್‌ನೇಮ್ ಇಲ್ಲದೆ ಮುಂದೆ ಹೋಗಲೊಲ್ಲದು. ಅಪ್ಪನನ್ನು ಮುಂದಿನಿಂದೆಬ್ಬಿಸಿ ಹಿಂದೆ ಕೂರಿಸಿದೆ. ಮೊದಲ ಹೊಗೆ ಎದ್ದಿತು.

ಅಮೆರಿಕದಲ್ಲಿ ಮನೆ ನಂಬರು, ಜಿಪ್ ಕೋಡುಗಳ ಅಂಕೆಗಳನ್ನು ಬ್ಯಾಂಕಿನ ದಾಖಲೆಯೊಂದಿಗೆ ತಾಳೆ ನೋಡುವ ಪದ್ಧತಿಯುಂಟು. ನಮ್ಮ ವಿಳಾಸದಲ್ಲಿ ಪಿನ್‌ಕೋಡ್ ಬಿಟ್ಟರೆ ಅಂಕೆಯೇ ಇಲ್ಲ: ‘ಹಳೇ ಅಕ್ಕಿ ಮಿಲ್ ಎದುರು’. ಮಿಲ್ಲೂ ಈಗಿಲ್ಲ. ಎರಡನೇ ಹೊಗೆ. ಕಾರ್ಡು ಬೆಂಗಳೂರು ಶಾಖೆಯದು, ನಾನು ಕೂತದ್ದು ಸಾಗರದ ಜಗಲಿಯಲ್ಲಿ, ಮೊಬೈಲ್ ಇಂಟರ್‌ನೆಟ್ ನನ್ನನ್ನು ಚೆನ್ನೈಯಲ್ಲಿ ತೋರಿಸುತ್ತಿತ್ತು. ಮೂರನೆಯದು ಹೊಗೆಯಲ್ಲ, ಕಾಳ್ಗಿಚ್ಚು.

ನಡುವೆ ಓಟಿಪಿಗಾಗಿ ಕಾದೆ. ಬರಲಿಲ್ಲ. ಆನ್‌ಲೈನ್ ಕಾರ್ಡಿಗೆ 2009ರಿಂದಲೂ ಎರಡನೇ ಬೀಗ ಹಾಕಿಸಿಕೊಂಡ ದೇಶದವನಿಗೆ ಓಟಿಪಿ ಕೇಳದೆ ದುಡ್ಡು ತೆಗೆದುಕೊಳ್ಳುವವನೇ ಕಳ್ಳನೆನಿಸುವುದು ಸಹಜ. ಹೀಗೆ ಅನುಮಾನ ಉಭಯತ್ರ ಸಿದ್ಧವಾಯಿತು.

‘ಆರ್ಡರ್ ಪರಿಶೀಲನೆಯಲ್ಲಿದೆ, ಪಾಸ್‌ಪೋರ್ಟ್ ಕಳಿಸಿ’ ಎಂದು ಮೇಲ್ ಬಂತು. ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಇಣುಕಿ, “ಹಪ್ಪಳ ಮಾರೋಕೂ ಪಾಸ್‌ಪೋರ್ಟ್ ಬೇಕೇನೋ ಮಾರಾಯ?” ಎಂದರು. ವೋಟರ್ ಐಡಿ ಕಳಿಸಿದೆ. ಅದರಲ್ಲಿ ನನ್ನ ಹೆಸರಿನ ಸ್ಪೆಲಿಂಗ್ ಮೂರನೆಯದು.

ಸಿದ್ಧಾಂತ ಹೀಗಿದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲವೆಂದು ನೈಯಾಯಿಕರು ಎಂದೋ ಎಚ್ಚರಿಸಿದ್ದಾರೆ. ಪಳಗಿದ ಕಳ್ಳ ಈ ಗುಂಡು. ಹೆಸರು, ವಿಳಾಸ, ಪಿನ್ ಎಲ್ಲವನ್ನೂ ಕದ್ದ ಮಾಹಿತಿಯಿಂದ ಅಕ್ಷರ ತಪ್ಪದೆ ಇಳಿಸುತ್ತಾನೆ. ಕಾರ್ಡಿನವನ ಊರಿನಲ್ಲೇ ಕೂತಂತೆ ಇಂಟರ್‌ನೆಟ್ಟನ್ನೂ ತೋರಿಸಬಲ್ಲ. ತಾಳೆಯಾಗದಿರುವುದು ತನ್ನದೇ ಹೆಸರನ್ನು ಬರೆಯುವವನದು. ಅಂಗಡಿಯವರು ಹೊಗೆಯೆಂದು ಹೆದರಿದ್ದು ನಮ್ಮ ಮಲೆನಾಡಿನ ಮಂಜಿಗೆ. ಇದು ಶುದ್ಧ ಹೇತ್ವಾಭಾಸ.

ಈ ಶಾಸ್ತ್ರದಲ್ಲಿ ಮುಂದೆ ಸಂಶೋಧನೆ ಮಾಡುವವರು ಕಾರ್ಡಿನಲ್ಲಿ ಇದ್ದಂತೆಯೇ ಹೆಸರು ತುಂಬಲಿ, ವಿಪಿಎನ್ ಇದ್ದರೆ ಬಂದ್ ಮಾಡಲಿ. ಡೊಮೇನ್ ಸಿಕ್ಕಿದ ಮೇಲೂ ಮೈಮರೆಯಬಾರದು: ಡಾಟ್ ಕಾಮ್‌ನಂಥವಕ್ಕೆ ಡೊಮೇನ್ ಹೆಸರುಗಳ ಮೇಲುಸ್ತುವಾರಿ ಸಂಸ್ಥೆ ಐಕ್ಯಾನ್‌ನ ನಿಯಮವಿದೆ, ಇಮೇಲ್ ಖಾತ್ರಿಗೆ 15 ದಿನ ಗಡುವು.

ನಾಲ್ಕನೇ ದಿನ ದುಡ್ಡು ವಾಪಸು ಬಂತು, ವಿನಿಮಯದಲ್ಲಿ ಹನ್ನೊಂದು ರೂಪಾಯಿ ಸವೆದು. ಡೊಮೇನ್ ಬರಲಿಲ್ಲ. ಹಪ್ಪಳ ಬೇಕಾದವರು ಸಾಗರಕ್ಕೆ ಬಂದಾಗ ಹಳೇ ಅಕ್ಕಿ ಮಿಲ್ ಎದುರು ಎಂದು ಕೇಳಿ. ಯಾರಾದರೂ ತೋರಿಸುತ್ತಾರೆ.