ಕರ್ಫ್ಯೂ ಸಂಧಿ ಪ್ರಕರಣ

ಎರಡು ಸರ್ಕಾರಿ ಆಜ್ಞೆಗಳು ಕಾಲವಿಳಂಬವಿಲ್ಲದೆ ಒಂದರ ಮೇಲೊಂದು ಬಂದು ಕೂಡುವುದೇ ಕರ್ಫ್ಯೂ ಸಂಧಿ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಇದರ ಲಕ್ಷಣ ಹೇಳಿಲ್ಲ. 13ನೇ ಶತಮಾನದಲ್ಲಿ ಎಲೆಕ್ಟ್ರಾನಿಕ್ ಸಿಟಿ ಇರಲಿಲ್ಲವಾದ್ದರಿಂದ ಆತನನ್ನು ದೂರುವಂತಿಲ್ಲ. ಕೊರೊನಾ ಕಾಲದ ಬೆಂಗಳೂರಿನ ಹೊರವಲಯದಲ್ಲಿ ಇದರ ಪ್ರಯೋಗಗಳು ಹೇರಳ.

ಇದ್ದದ್ದು ಬಿಟ್ಟುಹೋಗುವುದು ಲೋಪ. ಅದಕ್ಕೆ ಶ್ರೇಷ್ಠ ಉದಾಹರಣೆ 2020ರ ಡಿಸೆಂಬರ್ 23. ಅಂದು ರಾತ್ರಿ ಕರ್ಫ್ಯೂ ಪ್ರಕಟವಾಯಿತು: ಅಂದಿನಿಂದಲೇ, ರಾತ್ರಿ 10ರಿಂದ ಬೆಳಗಿನ 6ರವರೆಗೆ. ಆಮೇಲೆ 11ರಿಂದ 5 ಎಂದಾಯಿತು, ಆರಂಭ ಮರುದಿನಕ್ಕೆ ಸರಿಯಿತು. ಮರುದಿನ ಜಾರಿಯಾಗುವ ಮೊದಲೇ ಇಡೀ ಕರ್ಫ್ಯೂ ವಾಪಸಾಯಿತು. ಒಂದು ರಾತ್ರಿಯನ್ನೂ ಕಾಣದ ರಾತ್ರಿ ಕರ್ಫ್ಯೂ ಬೇರೆ ಭಾಷೆಗಳಲ್ಲಿ ಅಪರೂಪ.

ಕರೆಯದೆ ನಡುವೆ ಬಂದು ಕೂರುವುದು ಆಗಮ. ಮನೆ + ಅಲ್ಲಿ = ಮನೆಯಲ್ಲಿ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಮಂದಿ 2020ರ ಮಾರ್ಚ್‌ನಲ್ಲಿ ಈ ಸಪ್ತಮಿಯೊಳಗೆ ಹೊಕ್ಕರು. ಕ್ಲೈಂಟ್ ಕಾಲ್ ನಡುವೆ ಕುಕ್ಕರ್ ಮೂರು ಸಲ ಕೂಗಿದರೆ ಅದೂ ಆಗಮವೇ, ಮ್ಯೂಟ್ ಒತ್ತಿದರೆ ಲೋಪ. 2021ರ ಏಪ್ರಿಲ್ 27ರ ರಾತ್ರಿ ಹದಿನಾಲ್ಕು ದಿನಕ್ಕೆಂದು ಬಂದ ಕರ್ಫ್ಯೂಗೆ, ಗಡುವು ತೀರುವ ಮುನ್ನವೇ ಮೇ 10ರಿಂದ 24ರವರೆಗಿನ ಲಾಕ್‌ಡೌನ್ ಬಂದು ಸೇರಿತು. ಅದು ಜೂನ್ 7ಕ್ಕೆ, ಅಲ್ಲಿಂದ ಜೂನ್ 14ಕ್ಕೆ ಬೆಳೆಯಿತು.

ಒಂದರ ಜಾಗಕ್ಕೆ ಇನ್ನೊಂದು ಬರುವುದು ಆದೇಶ. ಹೆಸರೇ ಆದೇಶವಾದ್ದರಿಂದ ಸರ್ಕಾರಕ್ಕೆ ಇದರ ಮೇಲೆ ಮಮತೆ ಹೆಚ್ಚು. ಆ ಲಾಕ್‌ಡೌನ್‌ನಲ್ಲಿ ದಿನಸಿಗೆ ನಡೆದೇ ಹೋಗಬೇಕು ಎಂಬುದರ ಜಾಗಕ್ಕೆ ಹತ್ತಿರದ ಅಂಗಡಿಗೆ ಗಾಡಿ ಒಯ್ಯಬಹುದು ಎಂಬುದು ಬಂದದ್ದು ಹೀಗೆ.

ಕಾರ್ಖಾನೆಗಳ ಪೀಣ್ಯದಲ್ಲಿ ಅಪವಾದ ಸೂತ್ರಗಳು ಪ್ರಬಲ. ಏಪ್ರಿಲ್ 27ರ ನಿಯಮದ ಪ್ರಕಾರ ಕಾರ್ಖಾನೆಗಳು ನಡೆಯಬಹುದು, ಗಾರ್ಮೆಂಟ್ಸ್ ಮಾತ್ರ ಕೂಡದು. ಸೂಜಿ ಮಾಡುವವರು ಒಳಗೆ, ಸೂಜಿಗೆ ದಾರ ಪೋಣಿಸುವವರು ಹೊರಗೆ. ಇದಕ್ಕೆ ವೈಯಾಕರಣರು ಕಾರಣ ಹೇಳುವುದಿಲ್ಲ. ಸೂತ್ರ ಎಂದಮೇಲೆ ಬಾಯಿಪಾಠ ಮಾಡಬೇಕು.

ಪೀಣ್ಯ ದಾಟಿ ತುಮಕೂರು ರಸ್ತೆಯ ಮಾದಾವರಕ್ಕೆ ಹೋದರೆ ಬಹುವ್ರೀಹಿ ಸಿಗುತ್ತದೆ. ಸಮಾಸ ಪ್ರಕರಣದಲ್ಲಿ ಹೇಳಬೇಕಾದ ವಿಷಯ, ದಾರಿಯಲ್ಲೇ ಇರುವುದರಿಂದ ಇಲ್ಲೇ ಹೇಳಿದೆ. ಬಹುವ್ರೀಹಿಯಲ್ಲಿ ಕೂಡಿದ ಎರಡು ಪದಗಳಿಗೂ ಪ್ರಾಧಾನ್ಯವಿಲ್ಲ, ಅರ್ಥ ಬೇರೆಲ್ಲೋ ಇರುತ್ತದೆ. ಅಲ್ಲಿನ ವಸ್ತುಪ್ರದರ್ಶನ ಕೇಂದ್ರದಲ್ಲಿ 2020ರ ಜುಲೈ ಹೊತ್ತಿಗೆ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರದ ಯೋಜನೆ ಸಿದ್ಧವಾಗಿತ್ತು. ಹಾಸಿಗೆ, ದಿಂಬುಗಳನ್ನು ಬಾಡಿಗೆಗೆ ತರುವುದೋ ಕೊಳ್ಳುವುದೋ ಎಂಬ ಚರ್ಚೆ ಜೋರಾಗಿಯೇ ನಡೆಯಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಮುಚ್ಚಿತು. ಮರುವರ್ಷದ ಎರಡನೇ ಅಲೆಯಲ್ಲಿ ಊರೆಲ್ಲ ಹಾಸಿಗೆ ಹುಡುಕಿತು.

ಕೊನೆಯದು ಪ್ರಕೃತಿಭಾವ. ಸಂಧಿಯಾಗಬೇಕಾದಲ್ಲಿ ಆಗದೆ, ಇದ್ದದ್ದು ಇದ್ದಂತೆಯೇ ಉಳಿಯುವುದು. ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರಿಗೆ ಮನೆಯಿಂದ ಕೆಲಸವಿರಲಿಲ್ಲ. ಖಾಲಿ ಕಟ್ಟಡ ಕಾಯುತ್ತ, ಅಪ್ಪಿತಪ್ಪಿ ಬಂದವರ ಮಣಿಕಟ್ಟಿಗೆ ಪಿಸ್ತೂಲಿನಂಥ ಥರ್ಮಾಮೀಟರ್ ಹಿಡಿದು, 94 ಎಂದು ಬಂದರೂ ಸೊನ್ನೆ ಬಂದರೂ ರಿಜಿಸ್ಟರಿನಲ್ಲಿ 97 ಎಂದೇ ಬರೆಸುತ್ತಿದ್ದರು. ಕೈ ತಾಗಿಸಬೇಡಿ ಎಂಬ ಬೋರ್ಡಿನ ಕೆಳಗೆ ದಾರ ಕಟ್ಟಿದ ಒಂದೇ ಪೆನ್ನು, ಎಲ್ಲರ ಕೈಗೂ ಅದೇ. ಶಾಲೆಯ ವ್ಯಾಕರಣ ಇದಕ್ಕೆ ಮೊದಲೇ ಉದಾಹರಣೆ ಒದಗಿಸಿದೆ: ಅಯ್ಯೋ + ಇದೇನು = ಅಯ್ಯೋ ಇದೇನು.