ಭಾರವೋ, ಸುತ್ತೋ, ಸರ್ವಾಂಗವೋ

ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ಬಡಾವಣೆಯ ಜಿಮ್ಮಿಗೆ ಹೋಗಿ ನೋಡಿ. ಅಲ್ಲಿ ಮೂರು ಪಂಗಡಗಳಿವೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗದು.

ಮೊದಲನೆಯವರು ಭಾರದವರು. ಬಾರ್‌ಬೆಲ್ಲಿಗೆ ಪ್ಲೇಟಿನ ಮೇಲೆ ಪ್ಲೇಟು ಪೇರಿಸಿ, ಸೊಂಟಕ್ಕೆ ಬೆಲ್ಟ್ ಬಿಗಿದು, ಇಡೀ ಕೋಣೆ ತಿರುಗಿ ನೋಡುವಂತೆ ಒಮ್ಮೆ ಗುಡುಗಿ, ಮೂರು ಸಲ ಎತ್ತಿ ಇಳಿಸುತ್ತಾರೆ. ಆಮೇಲೆ ಬೆಂಚಿನ ಮೇಲೆ ಕೂತು ಮೊಬೈಲು. 'ಅಣ್ಣಾ, ಮುಗೀತಾ?' ಎಂದರೆ 'ಇನ್ನೂ ಮೂರು ಸೆಟ್ ಇದೆ ಗುರೂ'. ಅದು ಸೋಮಾರಿತನವಲ್ಲ, ಪಾಪ. ಭಾರಿ ತೂಕ ಎತ್ತಿದ ಸ್ನಾಯು ಮತ್ತೆ ಅಷ್ಟೇ ಬಲ ತೋರಿಸಬೇಕಾದರೆ 3ರಿಂದ 5 ನಿಮಿಷ ಬಿಡುವು ಬೇಕು. ಆ ಬಿಡುವಿನಲ್ಲಿ ರೀಲ್ಸ್ ನೋಡಲೇಬೇಕೆಂದು ಮಾತ್ರ ಯಾವ ಶಾಸ್ತ್ರವೂ ಹೇಳಿಲ್ಲ.

ಸರ್ಕ್ಯೂಟಿನವರದು ಇನ್ನೊಂದು ಕಥೆ. 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್‌ಸನ್ ಎಂಬಿಬ್ಬರು ರೂಪಿಸಿದ ಪದ್ಧತಿಯಿದು. ಒಂದು ವ್ಯಾಯಾಮ ಮುಗಿಸಿ ಉಸಿರು ಹಿಡಿತಕ್ಕೆ ಬರುವ ಮೊದಲೇ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ತೋಳಿಗೂ ಹೃದಯಕ್ಕೂ ಒಟ್ಟಿಗೇ ಕೆಲಸ. ಆದರೆ ಆ ಮಹನೀಯರು ನಮ್ಮ ಸಂಜೆ ಏಳರ ನೂಕುನುಗ್ಗಲು ಕಂಡವರಲ್ಲ. ಇಲ್ಲಿ ಸರ್ಕ್ಯೂಟಿನವನು ಒಂದು ಮೆಷಿನ್ನಿನ ಮೇಲೆ ನೀರಿನ ಬಾಟಲಿ, ಇನ್ನೊಂದರ ಮೇಲೆ ಟವೆಲ್ಲು, ಮತ್ತೊಂದರ ಮೇಲೆ ಬೈಕಿನ ಕೀ ಇಟ್ಟು ಹೋಗಿರುತ್ತಾನೆ, ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ಕಿಟಕಿಯಿಂದ ಕರ್ಚೀಫು ತೂರಿಸಿ ಸೀಟು ಹಿಡಿದ ಹಾಗೆ.

ಫುಲ್ ಬಾಡಿಯವರು ಸೋಮವಾರ, ಬುಧವಾರ, ಶುಕ್ರವಾರ ಬಂದು ಕಾಲು, ಎದೆ, ಬೆನ್ನು, ಭುಜ ಎಲ್ಲಕ್ಕೂ ಅಷ್ಟಷ್ಟು ಕೆಲಸ ಕೊಟ್ಟು ಹೋಗುತ್ತಾರೆ. ಗದ್ದಲವಿಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ. ನನ್ನ ಓಟು ಇವರಿಗೇ. ವಾರವನ್ನು ಅಂಗಾಂಗಗಳಿಗೆ ಹಂಚಿಕೊಟ್ಟವರನ್ನು ಗಮನಿಸಿ: ಎದೆಯ ದಿನ ತಪ್ಪುವುದೇ ಇಲ್ಲ, ಕಾಲಿನ ದಿನಕ್ಕೇ ಸರಿಯಾಗಿ ಯಾರದೋ ನಾಮಕರಣ, ಯಾರದೋ ಗೃಹಪ್ರವೇಶ. ವರ್ಷ ಕಳೆಯುವಷ್ಟರಲ್ಲಿ ಮೇಲೆ ಭೀಮಸೇನ, ಕೆಳಗೆ ಕಡ್ಡಿ. ಫುಲ್ ಬಾಡಿಯಲ್ಲಿ ಒಂದು ದಿನ ತಪ್ಪಿದರೆ ಎಲ್ಲ ಅಂಗಕ್ಕೂ ಸಮಾನ ಅನ್ಯಾಯ. ನೆಂಟರಿಷ್ಟರು ಜಾಸ್ತಿ ಇರುವವರು ಪದ್ಧತಿ ಆರಿಸುವ ಮೊದಲು ಪಂಚಾಂಗ ನೋಡುವುದು ಕ್ಷೇಮ.

ಮೈಸೂರಿನ ಗರಡಿಮನೆಯಲ್ಲಿ ಈ ಜಗಳವೇ ಇರಲಿಲ್ಲ. ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಮಟ್ಟಿಗೆ ಇಳಿದು ಕುಸ್ತಿ ಹಿಡಿದವನನ್ನು ಯಾವ ಪಂಗಡಕ್ಕೆ ಸೇರಿಸುತ್ತೀರಿ? ಉಸ್ತಾದ್ ಹೇಳಿದ್ದೇ ಪದ್ಧತಿ.

ನಮ್ಮ ಭಾವನಿಗೆ ಉಸ್ತಾದ್ ಇಲ್ಲ, ಎಕ್ಸೆಲ್ ಶೀಟಿದೆ. ಮೂರು ಪದ್ಧತಿಗೆ ಮೂರು ಬಣ್ಣ. ಜಿಮ್ಮಿಗೆ ವರ್ಷದ ಫೀಸು ಒಟ್ಟಿಗೇ ಕಟ್ಟಿಯಾಗಿದೆ, ಹೊಸ ಶೂ ಬಂದಿದೆ, ತೀರ್ಮಾನವೊಂದು ಬಾಕಿ. ಮೊನ್ನೆ ಅದನ್ನು ನನಗೆ ವಿವರಿಸುತ್ತಿದ್ದಾಗ ಒಳಗಿಂದ ಅಕ್ಕ, 'ರೀ, ಗ್ಯಾಸ್ ಖಾಲಿಯಾಯ್ತು, ಬಾಲ್ಕನಿಲಿರೋ ಸಿಲಿಂಡರ್ ಸ್ವಲ್ಪ ತಂದ್ಕೊಡಿ' ಎಂದಳು. ತುಂಬಿದ ಸಿಲಿಂಡರೆಂದರೆ ಹತ್ತಿರ ಹತ್ತಿರ 30 ಕೆ.ಜಿ. 'ವಾರ್ಮ್ ಅಪ್ ಇಲ್ದೆ ಭಾರ ಎತ್ಬಾರ್ದು ಕಣೇ' ಎಂದರು ಭಾವ. ನಾನು ಶೀಟಿನ ಹಸಿರು ಕಾಲಮ್ಮನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಅಕ್ಕ ತಾನೇ ಬಂದು ಸಿಲಿಂಡರನ್ನು ಓರೆ ಮಾಡಿ, ತಳದ ಅಂಚಿನ ಮೇಲೆ ತಿರುಗಿಸುತ್ತಾ ಅಡುಗೆಮನೆಗೆ ಒಯ್ದು, ಬಗ್ಗಿ ರೆಗ್ಯುಲೇಟರ್ ಕೂರಿಸಿ, ಮಳೆ ಹನಿ ಬಿತ್ತೆಂದು ಮಹಡಿಗೆ ಓಡಿ, ಒಣಗಿದ ಬಟ್ಟೆಯ ರಾಶಿ ತಂದು ನಮ್ಮಿಬ್ಬರ ನಡುವೆ ಸುರಿದು, ಮತ್ತೆ ಅಡುಗೆಮನೆಗೆ ಹೋದಳು. ಭಾವ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ನನಗೆ ಹೇಳಿದರು: 'ನೋಡ್ದಾ, ಇದನ್ನೇ ಸರ್ಕ್ಯೂಟ್ ಅನ್ನೋದು.'